ಗಾದಿಯ ಮೇಲಿನ ಧಣಿ



ಬ್ಯಾಡಗಿಗೆ ಹೊಸದಾಗಿ ಬಂದವರನ್ನು ಗುರುತಿಸುವುದು ಕಷ್ಟವಲ್ಲ. ಅವರು ಸೀನುತ್ತಿರುತ್ತಾರೆ. ಸುಗ್ಗಿಯ ತಿಂಗಳುಗಳಲ್ಲಿ, ಅದರಲ್ಲೂ ವ್ಯಾಪಾರ ಜೋರಾಗಿರುವ ಸೋಮವಾರ ಮತ್ತು ಗುರುವಾರ, ಮೆಣಸಿನಕಾಯಿ ಚೀಲ ಬಿಚ್ಚಿ ಸುರುವಿದಲ್ಲೆಲ್ಲ ಘಾಟು ಏಳುತ್ತದೆ. ಹಮಾಲರು ಮೂಗಿಗೆ ಟವೆಲ್ ಸುತ್ತಿಕೊಂಡಿರುತ್ತಾರೆ. ಮಾಲು ತಂದ ರೈತರು ಕೆಮ್ಮುತ್ತ ಚಹಾ ಕುಡಿಯುತ್ತಾರೆ, ಚಹಾ ತಂದ ಹುಡುಗ ಬಾಗಿಲಲ್ಲೇ ಸೀನಿ ಒಳಗೆ ಬರುತ್ತಾನೆ. ಇಷ್ಟೆಲ್ಲ ಗದ್ದಲದ ನಡುವೆ ದಲಾಲಿ ಅಂಗಡಿಯ ಬಿಳಿ ಹಾಸಿನ ಗಾದಿಯ ಮೇಲೆ, ಲೋಡಿಗೆ ಬೆನ್ನು ಹಚ್ಚಿ, ಒಂದು ಜೀವ ಸುಖವಾಗಿ ನಿದ್ದೆ ಮಾಡುತ್ತಿರುತ್ತದೆ. ಅದು ಅಂಗಡಿಯ ಧಣಿ ಅಲ್ಲ. ಧಣಿ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಗಾದಿಯ ಮೇಲಿರುವುದು ಬೆಕ್ಕು.

ಆ ಕುರ್ಚಿಯ ಮೇಲಿನವರು ನಮ್ಮ ಕಾಕಾ. ಒಮ್ಮೆ ನಾನು ಕೇಳಿದೆ: "ಕಾಕಾ, ಅದನ್ನ ಎಬ್ಬಿಸಿ ನೀವು ಗಾದಿ ಮ್ಯಾಲೆ ಕೂಡಬಾರದೇನ್ರಿ?"

ಕಾಕಾ ದನಿ ತಗ್ಗಿಸಿ ಹೇಳಿದರು: "ಈಗರೆ ಕಣ್ಣು ಮುಚ್ಚೇತಿ. ಏಳ್ಲಿ ತಡಿ, ಆಮ್ಯಾಲೆ ಕೂಡ್ತೇನಂತ."

ಬೆಳಗಿನಿಂದ ಹಮಾಲರ ಮೇಲೆ, ಗುಮಾಸ್ತನ ಮೇಲೆ, ಫೋನಿನಲ್ಲಿ ಲಾರಿಯವನ ಮೇಲೆ ಕೂಗಾಡಿದ ಮನುಷ್ಯ ಇವರೇ. ಬೆಕ್ಕಿನ ನಿದ್ದೆ ಕೆಟ್ಟೀತೆಂದು ಪಿಸುದನಿಯಲ್ಲಿ ಮಾತಾಡುತ್ತಿದ್ದಾರೆ. ನಮ್ಮ ಹಾವೇರಿ ಜಿಲ್ಲೆ ವ್ಯಾಪಾರದ ಜಿಲ್ಲೆ. ಇಲ್ಲಿ ಯಾವುದಕ್ಕೂ ದರ ಕಟ್ಟದೆ ಬಿಡುವುದಿಲ್ಲ. ಆದರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಊರುಗಳಲ್ಲಿ ನಾನು ನೋಡಿದ್ದೇನೆ, ಬೆಕ್ಕಿನ ಹತ್ತಿರ ಮಾತ್ರ ಯಾರ ಚೌಕಾಶಿಯೂ ನಡೆಯುವುದಿಲ್ಲ.

ಮೊದಲು ಈ ಘಾಟಿನ ವಿಷಯ ಮುಗಿಸಿಬಿಡೋಣ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಸುಕ್ಕುಗಟ್ಟಿದ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಇದರಿಂದ ತೆಗೆದ ಕೆಂಪು ಬಣ್ಣ ಅಡುಗೆಮನೆ ದಾಟಿ ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ವರೆಗೂ ಹೋಗುತ್ತದೆ. ಇನ್ನು ಖಾರ ಯಾರಿಗೆ ಹತ್ತುತ್ತದೆ, ಯಾರಿಗೆ ಹತ್ತುವುದಿಲ್ಲ ಎಂಬುದರಲ್ಲಿ ಪ್ರಕೃತಿ ಒಂದು ಪಕ್ಷಪಾತ ಮಾಡಿದೆ. ಮೆಣಸಿನಕಾಯಿಯೊಳಗಿನ ಕ್ಯಾಪ್ಸೈಸಿನ್ ಎಂಬ ವಸ್ತು ಹಕ್ಕಿಗಳಿಗೆ ಉರಿಯುವುದಿಲ್ಲ. ಅದಕ್ಕೇ ಗಿಳಿ ಹಸಿಮೆಣಸಿನಕಾಯಿಯನ್ನು ಕಚ್ಚಿ ಕಚ್ಚಿ ತಿನ್ನುತ್ತದೆ. ಹಾಲುಣಿಸುವ ಪ್ರಾಣಿಗಳಿಗೆ ಉರಿಯುತ್ತದೆ. ಅಂದಮೇಲೆ ಬೆಕ್ಕಿಗೂ ಉರಿಯಲೇಬೇಕು. ಹಾಗಿದ್ದೂ ಕಾಕಾನ ಅಂಗಡಿಯ ಬೆಕ್ಕು ಸೀನಿದ್ದನ್ನು ನಾನು ಕಂಡಿಲ್ಲ. ಸ್ವಲ್ಪ ಗಮನಿಸಿದ ಮೇಲೆ ಗುಟ್ಟು ಗೊತ್ತಾಯಿತು. ಅದು ರಾಶಿಯ ಕಡೆ ಹೋಗುವುದೇ ಇಲ್ಲ. ಚೀಲ ಬಿಚ್ಚುವ ಸದ್ದು ಕೇಳಿದೊಡನೆ ಎದ್ದು, ಬಾಲ ನೆಟ್ಟಗೆ ಮಾಡಿ, ಒಳಕೋಣೆಗೆ ನಡೆಯುತ್ತದೆ. ಘಾಟು ಇಳಿದ ಮೇಲೆ ಬಂದು ಮತ್ತೆ ಗಾದಿ ಹತ್ತುತ್ತದೆ. ನಾವು ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಲ್ಲೇ ನಿಲ್ಲುತ್ತೇವೆ. ಇಬ್ಬರಲ್ಲಿ ಯಾರು ಬುದ್ಧಿವಂತರು ಎಂದು ನಾನು ಹೇಳಲು ಹೋಗುವುದಿಲ್ಲ.

ಕಾಕಾ ಅಷ್ಟಕ್ಕೇ ಬಿಡುವವರಲ್ಲ. ತಮ್ಮ ಬೆಕ್ಕು ಕಾಯಿ ಮೂಸಿ ಡಬ್ಬಿ ತಳಿ ಯಾವುದು, ಕಡ್ಡಿ ತಳಿ ಯಾವುದು ಎಂದು ಹೇಳುತ್ತದೆ ಎಂದು ಬಂದ ಖರೀದಿದಾರರಿಗೆಲ್ಲ ಹೇಳುತ್ತಾರೆ. ನಾನು ನೋಡಿದಂತೆ ಅದು ಎರಡನ್ನೂ ಒಂದೇ ರೀತಿ ಮೂಸಿ, ಒಂದೇ ರೀತಿ ಮುಖ ತಿರುಗಿಸುತ್ತದೆ.

ಬೆಕ್ಕಿಗೆ ಬರೆಯುವ ಜಾಗದ ಮೇಲೆ ಮಲಗುವ ಚಟ ಎಲ್ಲಿಂದ ಬಂತೋ. ಅಂಗಡಿಯಲ್ಲಿ ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಪುಸ್ತಕಗಳಿದ್ದ ಕಾಲದಲ್ಲಿ ಅದು ಕಿರ್ದಿಯ ಮೇಲೆ ಮಲಗುತ್ತಿತ್ತು. ಅದೂ ಮುಚ್ಚಿಟ್ಟ ಹಳೆಯ ಪುಸ್ತಕದ ಮೇಲೆ ಅಲ್ಲ, ಗುಮಾಸ್ತ ಬರೆಯುತ್ತಿರುವ ಪುಟದ ಮೇಲೇ. ಈಗ ಕಂಪ್ಯೂಟರ್ ಬಂದಿದೆ, ಬೆಕ್ಕು ಕೀಬೋರ್ಡಿಗೆ ಬಡ್ತಿ ಪಡೆದಿದೆ. ಒಂದು ಗುರುವಾರ ಅದು ಕೀಬೋರ್ಡಿನ ಮೇಲೆ ನಿಧಾನವಾಗಿ ಹಾದುಹೋದಾಗ, ಒಬ್ಬ ರೈತರ ಮಾಲಿನ ತೂಕದ ಮುಂದೆ ಸಾಲಾಗಿ ಸೊನ್ನೆಗಳು ಬಿದ್ದವು. ಗುಮಾಸ್ತ ಗಾಬರಿಯಾಗಿ ಅಳಿಸಲು ಹೊರಟ. ರೈತ ಮುದುಕರು ಅವನ ಕೈ ಹಿಡಿದರು: "ಇರ್ಲಿ ಬಿಡೋ ತಮ್ಮಾ, ಬೆಕ್ಕ ಬರದ ಲೆಕ್ಕ ನಮಗ ಭಾಳ ಚಲೋ ಬೀಳಾಕತ್ತೈತಿ!"

ಬ್ಯಾಡಗಿಯಿಂದ ರೈಲು ಹತ್ತಿದರೆ ಮುಂದೆ ರಾಣೆಬೆನ್ನೂರು. ಇದು ಬೀಜದ ಊರು. ಹತ್ತಿ, ತರಕಾರಿಗಳ ಹೈಬ್ರಿಡ್ ಬೀಜವನ್ನು ಸುತ್ತಮುತ್ತಲ ಹಳ್ಳಿಗಳ ಹೊಲಗಳಲ್ಲಿ ಕೈಯಿಂದ ಪರಾಗಸ್ಪರ್ಶ ಮಾಡಿ ಬೆಳೆಯುತ್ತಾರೆ, ಊರಿನ ಅಂಗಡಿಗಳಲ್ಲಿ ಮಾರುತ್ತಾರೆ. ಬೀಜ ಇರುವಲ್ಲಿ ಇಲಿ. ಇಲಿ ಇರುವಲ್ಲಿ ಬೆಕ್ಕು. ಇದು ರಾಣೆಬೆನ್ನೂರಿನವರು ಕಂಡುಹಿಡಿದ ವ್ಯವಸ್ಥೆಯೇನಲ್ಲ. ಮನುಷ್ಯ ಪಶ್ಚಿಮ ಏಷ್ಯಾದಲ್ಲಿ ಮೊದಮೊದಲು ಕಾಳು ಬೆಳೆದು ಕಣಜ ತುಂಬಿದಾಗ ಇಲಿಗಳು ಬಂದವು, ಇಲಿಗಳ ಹಿಂದೆ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂತಿರುವುದನ್ನು ಪುರಾತತ್ವಜ್ಞರು 2004ರಲ್ಲಿ ಪ್ರಕಟಿಸಿದರು. ನಾಯಿಯನ್ನು ನಾವು ಸಾಕಿದೆವು, ಹಸುವನ್ನು ಹಿಡಿದು ಕಟ್ಟಿದೆವು. ಬೆಕ್ಕನ್ನು ಯಾರೂ ಕರೆಯಲಿಲ್ಲ. ತಾನಾಗಿ ಬಂತು, ಕೆಲಸ ಇದೆಯೆಂದು ನೋಡಿತು, ಉಳಿಯಿತು.

ರಾಣೆಬೆನ್ನೂರಿನ ಹೊರಗೆ 1974ರಲ್ಲಿ ಘೋಷಿಸಿದ ಕೃಷ್ಣಮೃಗ ಅಭಯಾರಣ್ಯ ಇದೆ. ಅಲ್ಲಿ ತೋಳ, ನರಿಗಳ ಜೊತೆ ಕಾಡುಬೆಕ್ಕೂ ಉಂಟು. ನಮ್ಮ ಅಕ್ಕನ ಗಂಡ, ಮಾಮಾ, ತಮ್ಮ ಮನೆಯ ಬೆಕ್ಕು ಆ ಕಾಡಿನ ವಂಶದ್ದು ಎಂದು ನಂಬಿದ್ದಾರೆ. ಅದರ ಮೀಸೆ, ಕಿವಿ ಎಲ್ಲ ತೋರಿಸಿ ಪುರಾವೆ ಕೊಡುತ್ತಾರೆ. ಸಾಕುಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಬೇರೊಂದು ಜಾತಿ ಎಂದು ನಾನು ಹೇಳಿದರೆ, "ಏ, ನಿಮ್ಮ ಪುಸ್ತಕದಾಗ ಹಂಗ ಇರಬೇಕು, ಇದು ರಾಣೆಬೆನ್ನೂರದು" ಎಂದು ಮುಗಿಸುತ್ತಾರೆ. ಆ ಕಾಡಿನ ವಂಶಸ್ಥ ಅವರ ಮನೆಯಲ್ಲಿ ಮಿಕ್ಸರ್ ಸದ್ದಾದರೆ ಮಂಚದ ಕೆಳಗೆ ಹೋಗಿ ಕೂರುತ್ತದೆ.

ಆದರೆ ಬೇಟೆಯಲ್ಲಿ ಅದು ಚುರುಕು, ಒಪ್ಪಬೇಕು. ಒಂದು ಬೆಳಿಗ್ಗೆ ಮಾಮಾ ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟಲು ಹೋದರೆ ಎಡಗಾಲಿನ ಚಪ್ಪಲಿಯಲ್ಲಿ ಅರ್ಧ ಇಲಿ. ಮಾಮಾ ಒಂದೇ ಕಾಲಲ್ಲಿ ಕುಣಿಯುತ್ತ ಕೂಗಿದರು: "ಏ, ಇಲ್ಲಿ ಬಾರs! ಅರ್ಧ ಇಲಿ ತಂದು ಇಟ್ಟೈತಿ ನೋಡು. ಇನ್ನರ್ಧ ಎಲ್ಲಿ ಹೋತು?"

ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಒಳಗಿನಿಂದಲೇ ಹೇಳಿದಳು: "ಇನ್ನರ್ಧ ಅದರ ದಲಾಲಿ ರೀ. ನೀವು ಹಿಡಕೊಳ್ಳೂದಿಲ್ಲೇನು?"

ಇಷ್ಟು ಕೆಲಸ ಮಾಡುವ ಪ್ರಾಣಿಗೆ ಸಂಬಳವೆಂದರೆ ಬಟ್ಟಲು ಹಾಲು. ಅದಾದರೂ ಸರಿಯಾದ ಸಂಬಳವೇ ಎಂದರೆ, ಅಲ್ಲ. ತೆನಾಲಿ ರಾಮಕೃಷ್ಣ ಬೆಕ್ಕಿಗೆ ಕುದಿಯುವ ಹಾಲಿಟ್ಟು, ಅದು ಮುಂದೆ ಹಾಲು ಕಂಡರೆ ಓಡುವಂತೆ ಮಾಡಿದ ಕಥೆ ನಮಗೆಲ್ಲ ಗೊತ್ತು. ರಾಮಕೃಷ್ಣ ಅಷ್ಟು ಕಷ್ಟ ಪಡಬೇಕಿರಲಿಲ್ಲ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಸರಿಯಾಗಿ ಅರಗುವುದಿಲ್ಲ, ಹೊಟ್ಟೆ ಕೆಡುತ್ತದೆ. ಆದರೂ ಕುಡಿಯುತ್ತವೆ. ಕೆನೆಯ ಜಿಡ್ಡಿನ ರುಚಿ ಬಿಡುವುದಿಲ್ಲ. ಇನ್ನೊಂದು ವಿಷಯ, ಬೆಕ್ಕಿಗೆ ಸಿಹಿ ಗೊತ್ತೇ ಆಗುವುದಿಲ್ಲ. ಸಿಹಿಯನ್ನು ಗುರುತಿಸುವ ಒಂದು ಜೀನ್ ಬೆಕ್ಕಿನ ಜಾತಿಯಲ್ಲೇ ಕೆಟ್ಟುಹೋಗಿದೆ ಎಂದು 2005ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಹಾಗಾಗಿ ನಿಮ್ಮ ಮನೆಯ ಹೋಳಿಗೆಯನ್ನು ಬೆಕ್ಕು ಕದ್ದರೆ ಅದು ಹೂರಣದ ಆಸೆಗಲ್ಲ, ಮೇಲೆ ಸವರಿದ ತುಪ್ಪಕ್ಕೆ. ಸಕ್ಕರೆ ಕಾಯಿಲೆ ಬಂದ ಮೇಲೂ ಹೋಳಿಗೆ ಬಿಡದ ನಮ್ಮಂಥವರಿಗೆ ಇದನ್ನು ಕೇಳಿ ಬೆಕ್ಕಿನ ಮೇಲೆ ಕರುಣೆ ಬರುತ್ತದೆ. ಬೆಕ್ಕಿಗೆ ನಮ್ಮ ಮೇಲೆ ಬರುವುದಿಲ್ಲ.

ಈಗ ಹಾವೇರಿಗೆ ಬರುತ್ತೇನೆ. ನಮ್ಮ ಹಳೆಯ ಮನೆ ಮಣ್ಣಿನ ಮಾಳಿಗೆಯದು. ನಡುಮನೆಯಲ್ಲಿ ಬೆಳಕಿಂಡಿ ಇತ್ತು. ಬೆಳಕು ಒಳಗೆ ಬರಲಿ, ಹೊಗೆ ಹೊರಗೆ ಹೋಗಲಿ ಎಂದು ಹಿರಿಯರು ಬಿಟ್ಟದ್ದು. ಆದರೆ ಅದನ್ನು ಹೆಚ್ಚಾಗಿ ಬಳಸುತ್ತಿದ್ದುದು ಬೆಕ್ಕು. ತಲೆಬಾಗಿಲು, ಹಿತ್ತಿಲ ಬಾಗಿಲು, ಕಿಟಕಿ ಎಲ್ಲ ಹಾಕಿ ಬೀಗ ಜಡಿದು ಜಾತ್ರೆಗೆ ಹೋಗಿ ಬಂದರೆ, ಬೀಗ ಜಡಿದಂತೆಯೇ ಇರುತ್ತಿತ್ತು, ಮೊಸರಿನ ಗಡಿಗೆ ಮಾತ್ರ ಖಾಲಿ. ಅವ್ವ ಗಡಿಗೆಯನ್ನು ನೆಲವಿಗೆ ಏರಿಸಿದಳು. ಬೆಕ್ಕು ಕಣಜದ ಮೇಲಿಂದ ನೆಲವಿಗೆ ಹಾರಿತು. ಅವ್ವ ಕಣಜ ಸರಿಸಿದಳು. ಬೆಕ್ಕು ಗೂಟಕ್ಕೆ ತೂಗುಹಾಕಿದ್ದ ಅಪ್ಪನ ಕೋಟಿನ ಮೇಲಿಂದ ಹತ್ತಿತು. ಕೋಟಿನ ಬೆನ್ನಿಗೆ ಉದ್ದಕ್ಕೂ ಗೀರು ಬಿದ್ದವು. ಅಪ್ಪ ಆ ಕೋಟನ್ನು ಬಹಳ ದಿನ ಹಾಕಿಕೊಂಡು ಓಡಾಡಿದರು. ಯಾರಾದರೂ ಕೇಳಿದರೆ ಚಿರತೆ ಎನ್ನುತ್ತಿದ್ದರು.

ಕೊನೆಗೆ ಅವ್ವ ಸಂತೆಯಿಂದ ಒಂದು ಗೆಜ್ಜೆ ತಂದು ಬೆಕ್ಕಿನ ಕೊರಳಿಗೆ ಕಟ್ಟಿದಳು. ಇಲಿಗಳು ಸಭೆ ಸೇರಿ ಸೇರಿ ಮಾಡಲಾಗದೆ ಬಿಟ್ಟ ಕೆಲಸವನ್ನು ನಮ್ಮವ್ವ ಒಂದು ಮಧ್ಯಾಹ್ನ ಕೂತು ಮಾಡಿ ಮುಗಿಸಿದಳು. ಬೆಕ್ಕು ಒಳಗೆ ಬಂದರೆ ನಮಗೆ ಗೊತ್ತಾಗುತ್ತಿತ್ತು, ನಿಜ. ಇಲಿಗಳಿಗೂ ಗೊತ್ತಾಗುತ್ತಿತ್ತು. ಬೇಟೆ ನಿಂತಿತು, ಬೆಕ್ಕಿನ ಹಸಿವು ಹೆಚ್ಚಿತು, ಅದು ಪೂರ್ತಿ ನಮ್ಮ ಮೊಸರಿನ ಮೇಲೆಯೇ ಬದುಕತೊಡಗಿತು. ಅತ್ತ ಇಲಿಗಳು ಜೋಳದ ಚೀಲ ತೂತು ಮಾಡಿದವು. ಅವ್ವ ಗೆಜ್ಜೆ ಬಿಚ್ಚಿದಳು.

ಬೆಕ್ಕು ದಿನಕ್ಕೆ 12ರಿಂದ 16 ತಾಸು ಮಲಗುವ ಪ್ರಾಣಿ. ಅದಕ್ಕೆ ಹಿತವೆನಿಸುವ ಉಷ್ಣತೆ 30ರಿಂದ 38 ಡಿಗ್ರಿ ಸೆಲ್ಸಿಯಸ್. ಅಂದರೆ ನಾವು ಬೀಸಣಿಗೆ ಹುಡುಕುವ ಹೊತ್ತಿಗೆ ಅದಕ್ಕೆ ತುಸು ಹಿತವೆನಿಸತೊಡಗುತ್ತದೆ. ಆದ್ದರಿಂದ ಮನೆಯಲ್ಲಿ ಎಲ್ಲಿ ಬಿಸಿ ಇದೆ ಎಂಬುದರ ನಕ್ಷೆ ಬೆಕ್ಕಿನ ಬಳಿ ಸದಾ ಇರುತ್ತದೆ. ಧಾರವಾಡ ಆಕಾಶವಾಣಿ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. ಆಮೇಲೆ ನಮ್ಮ ಮನೆಗೆ ಒಂದು ವಾಲ್ವ್ ರೇಡಿಯೋ ಬಂತು. ಮರದ ಡಬ್ಬಿ, ಮೇಲೆ ಅವ್ವ ಹೆಣೆದ ಕ್ರೋಶಾದ ಹೊದಿಕೆ. ಅದನ್ನು ಹಚ್ಚಿ ಸ್ವಲ್ಪ ಹೊತ್ತಾದರೆ ಒಳಗಿನ ವಾಲ್ವುಗಳು ಕಾದು ಡಬ್ಬಿಯ ನೆತ್ತಿ ಬೆಚ್ಚಗಾಗುತ್ತಿತ್ತು. ವಾರ್ತೆ ಶುರುವಾಗುವ ಹೊತ್ತಿಗೆ ಬೆಕ್ಕು ಅದರ ಮೇಲೆ ಹಾಜರು. ನಾಟಕ, ಗಾಯನ, ರೈತರ ಕಾರ್ಯಕ್ರಮ ಯಾವುದನ್ನೂ ಬಿಡದೆ ಕೇಳಿದ ಶ್ರೋತೃ ನಮ್ಮ ಓಣಿಯಲ್ಲಿ ಅದೊಂದೇ. ಬಾಲ ಮಾತ್ರ ಮುಂದೆ ಇಳಿಬಿದ್ದು ಸ್ಟೇಶನ್ ತೋರಿಸುವ ಮುಳ್ಳನ್ನು ಮುಚ್ಚುತ್ತಿತ್ತು. ಅಪ್ಪ ಬಾಲ ಎತ್ತಿ, ಸ್ಟೇಶನ್ ಕೂಡಿಸಿ, ಬಾಲವನ್ನು ಮತ್ತೆ ಮೊದಲಿನ ಜಾಗಕ್ಕೆ ಬಿಡುತ್ತಿದ್ದರು.

ಟ್ರಾನ್ಸಿಸ್ಟರ್ ಬಂತು. ಅದು ಬಿಸಿಯಾಗುವುದಿಲ್ಲ, ಬೆಕ್ಕಿಗೆ ಬಾನುಲಿಯಲ್ಲಿ ಆಸಕ್ತಿ ಹೋಯಿತು. ಆಮೇಲೆ ಡಬ್ಬಿ ಟಿ.ವಿ. ಬಂತು, ಅಗಲವಾದ ನೆತ್ತಿ, ಒಳ್ಳೆಯ ಕಾವು. ಆ ಕಾಲ ಬೆಕ್ಕುಗಳಿಗೆ ಸುವರ್ಣಯುಗ. ಈಗಿನ ಟಿ.ವಿ. ಗೋಡೆಗೆ ಅಂಟಿಕೊಂಡ ಹಾಳೆ, ಅದರ ಮೇಲೆ ಹಲ್ಲಿಯೂ ನಿಲ್ಲಲಾರದು. ಸದ್ಯ ನಮ್ಮ ಬೆಕ್ಕು ವೈಫೈ ಡಬ್ಬಿಯ ಮೇಲೆ ಗಲ್ಲ ಇಟ್ಟು ಮಲಗುತ್ತದೆ. ಇಂಟರ್‌ನೆಟ್ ನಿಧಾನವಾದಾಗ ಮೊಮ್ಮಗ ಕಂಪನಿಗೆ ಫೋನ್ ಮಾಡುವ ಮುಂಚೆ ಬೆಕ್ಕು ಎಲ್ಲಿದೆ ಎಂದು ನೋಡುತ್ತಾನೆ.

ಯಂತ್ರಗಳು ಬದಲಾದವು, ಕೌದಿ ಬದಲಾಗಿಲ್ಲ. ಹಳೆಯ ಸೀರೆ, ಧೋತರಗಳನ್ನು ತುಂಡು ತುಂಡಾಗಿ ಕೂಡಿಸಿ ಹೊಲಿದ ಕೌದಿ ಹಾಸಿದರೆ ಸಾಕು, ಬೆಕ್ಕು ಬಂದು ಮುಂಗಾಲಿನಿಂದ ಅದನ್ನು ತುಳಿಯುತ್ತದೆ. ಎಡಗಾಲು, ಬಲಗಾಲು, ಎಡಗಾಲು, ಬಲಗಾಲು. ಕಣ್ಣು ಅರ್ಧ ಮುಚ್ಚಿರುತ್ತದೆ. ಮರಿಯಾಗಿದ್ದಾಗ ತಾಯಿಯ ಹೊಟ್ಟೆಯನ್ನು ಹಾಗೆ ಒತ್ತಿದರೆ ಹಾಲು ಇಳಿಯುತ್ತಿತ್ತು, ಆ ರೂಢಿ ದೊಡ್ಡದಾದ ಮೇಲೂ ಉಳಿದಿದೆ ಎನ್ನುತ್ತಾರೆ ತಿಳಿದವರು. ಅವ್ವನ ಅಭಿಪ್ರಾಯ ಬೇರೆ. "ಹೊಲಿಗಿ ಗಟ್ಟಿ ಐತಿಲ್ಲೋ ನೋಡಾಕತ್ತೈತಿ" ಎನ್ನುತ್ತಾಳೆ.

ನಸುಕಿನಲ್ಲಿ ಇಡೀ ಮನೆ ಮಲಗಿರುವಾಗ ಬೆಕ್ಕಿಗೆ ಹಗಲು ಶುರು. ಮುಂಜಾನೆ, ಮುಸ್ಸಂಜೆಗಳೇ ಅದರ ಬೇಟೆಯ ಹೊತ್ತು. ಮೊದಲು ಮಿಯಾಂವ್. ಆಮೇಲೆ ಮುಖದ ಹತ್ತಿರ ಬಂದು ಮೀಸೆ ತಾಗಿಸುವುದು. ಅದಕ್ಕೂ ಏಳದಿದ್ದರೆ ಗೂಡಿನಲ್ಲಿಟ್ಟ ನನ್ನ ಚಷ್ಮಾವನ್ನು ಒಂದೊಂದೇ ಬೆರಳಿನಷ್ಟು ಅಂಚಿಗೆ ತಳ್ಳುವುದು. ತಳ್ಳಿ, ನನ್ನ ಕಡೆ ನೋಡುತ್ತದೆ. ಇನ್ನಷ್ಟು ತಳ್ಳುತ್ತದೆ, ಮತ್ತೆ ನೋಡುತ್ತದೆ. ಸರ್ಕಾರಿ ಕಚೇರಿಗಳಲ್ಲಿ ಆಯುಷ್ಯ ಕಳೆದ ನನಗೆ ಎಂಥೆಂಥ ಒತ್ತಡಗಳ ಪರಿಚಯವಿದೆ. ಇಷ್ಟು ಮೌನವಾಗಿ, ಇಷ್ಟು ಪರಿಣಾಮಕಾರಿಯಾಗಿ ಯಾರೂ ನನ್ನಿಂದ ಕೆಲಸ ಮಾಡಿಸಿಕೊಂಡಿಲ್ಲ.

ಈ ಮಿಯಾಂವ್ ಬಗ್ಗೆ ಒಂದು ಸೋಜಿಗ ಇದೆ. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಎನ್ನುವುದು ಅಪರೂಪ. ಗುರುಗುಟ್ಟುತ್ತವೆ, ಬುಸುಗುಟ್ಟುತ್ತವೆ, ರಾತ್ರಿ ಮಾಳಿಗೆಯ ಮೇಲೆ ಕೂಸು ಅತ್ತಂತೆ ಅರಚಿ ಇಡೀ ಓಣಿಯನ್ನು ಎಬ್ಬಿಸುತ್ತವೆ. ಮಿಯಾಂವ್ ಮಾತ್ರ ಮರಿ ತಾಯಿಗೆ ಹೇಳುವ ಮಾತು, ದೊಡ್ಡದಾದ ಮೇಲೆ ಮನುಷ್ಯನಿಗೆ ಹೇಳುವ ಮಾತು. ನಮ್ಮನ್ನು ತಾಯಿ ಎಂದು ತಿಳಿದಿದೆಯೋ, ಸೂಕ್ಷ್ಮ ತಿಳಿಯದ ದಡ್ಡರು ಎಂದು ತಿಳಿದಿದೆಯೋ, ಕೇಳಲು ಬರುವುದಿಲ್ಲ. ಅವ್ವನಂತೂ ಎರಡೂ ಕಡೆಯ ಸಂಭಾಷಣೆ ತಾನೇ ನಡೆಸುತ್ತಾಳೆ. "ಬರ್ರಿ ಸಾಹೇಬ್ರ, ಎಲ್ಲಿ ಹೋಗಿದ್ರಿ ರಾತ್ರಿಯೆಲ್ಲಾ? ಉಂಡ್ರೇನು? ಹಾಲು ಬೇಕೇನು? ಇಲ್ಲ ಹೋಗ್ರಿ, ಇವತ್ತ ಎಮ್ಮಿ ಹಿಂಡಿಲ್ಲ." ನಮ್ಮ ಮನೆಯಲ್ಲಿ ಎಮ್ಮೆ ಇಲ್ಲದೆ ಬಹಳ ಕಾಲವಾಯಿತು. ಹಾಲು ಪಾಕೀಟಿನಲ್ಲಿ ಬರುತ್ತದೆ. ಬೆಕ್ಕಿಗೂ ಅದು ಗೊತ್ತು, ಅದು ಫ್ರಿಜ್ಜಿನ ಮುಂದೆಯೇ ಕೂತಿರುತ್ತದೆ.

ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತಿದೆಯಲ್ಲ, ಅದನ್ನು ನಮ್ಮ ಓಣಿಯವರು ಕಣ್ಣಾರೆ ಕಂಡಿದ್ದಾರೆ. ಒಂಬತ್ತು ವಾರ ಹೊಟ್ಟೆಯಲ್ಲಿ ಹೊತ್ತು ತಿರುಗಿದ ಮೇಲೆ ನಮ್ಮ ಬೆಕ್ಕು ಹೆರಿಗೆಗೆ ಆರಿಸಿಕೊಂಡದ್ದು ನನ್ನ ಹೆಂಡತಿಯ ಇಳಕಲ್ ಸೀರೆಗಳ ಕಪಾಟು. ಅದೂ ಮಗಳ ಮದುವೆಯಲ್ಲಿ ಉಟ್ಟ ಸೀರೆಯ ಮಡಿಕೆಯಲ್ಲಿ. ಹೆಂಡತಿ ಒಂದು ಕ್ಷಣ ಸೀರೆ ನೋಡಿದಳು, ಒಂದು ಕ್ಷಣ ಮರಿ ನೋಡಿದಳು, ಆಮೇಲೆ ನನ್ನನ್ನು ನೋಡಿ, "ಕಪಾಟಿನ ಬಾಗಲಾ ತಗದು ಇಟ್ಟಾವರು ಯಾರು?" ಎಂದಳು. ಆ ಪ್ರಶ್ನೆಗೆ ಉತ್ತರ ಹುಡುಕುವಷ್ಟರಲ್ಲಿ ಬೆಕ್ಕು ಒಂದೊಂದೇ ಮರಿಯ ಕೊರಳ ಹಿಂಬದಿ ಕಚ್ಚಿಕೊಂಡು ಪಕ್ಕದ ಮನೆಯ ಅಟ್ಟಕ್ಕೆ ಸಾಗಿಸಿತು. ಅಲ್ಲಿಂದ ಎದುರುಮನೆಯ ಕಟ್ಟಿಗೆಯ ರಾಶಿಗೆ. ವಾಸನೆ ಹಿಡಿದು ಯಾರಾದರೂ ಬಂದಾರೆಂಬ ಹೆದರಿಕೆ ತಾಯಿಗೆ. ಆದರೆ ಅದು ಮರಿ ಸಾಗಿಸುವಾಗ ಓಣಿಯ ಹುಡುಗರೆಲ್ಲ ಮೆರವಣಿಗೆಯಲ್ಲಿ ಹಿಂದೆ ಹಿಂದೆ ಹೋಗುತ್ತಿದ್ದರು, ಗುಟ್ಟು ಎಲ್ಲಿಂದ ಉಳಿಯಬೇಕು?

ಮರಿಗಳಲ್ಲಿ ಒಂದು ಕೆಂಚು, ಒಂದು ಮೂರು ಬಣ್ಣದ್ದು. ನೋಡಿದ ಕೂಡಲೇ ನಾನು ಹೇಳಿದೆ, ಮೂರು ಬಣ್ಣದ್ದು ಹೆಣ್ಣು, ಕೆಂಚು ಬಹುಶಃ ಗಂಡು. ಓಣಿಯಲ್ಲಿ ನನಗೆ ಸ್ವಲ್ಪ ದಿನ ಜ್ಯೋತಿಷಿಯ ಮರ್ಯಾದೆ ಸಿಕ್ಕಿತು. ಕೆಂಚು ಬಣ್ಣದ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ. ಹೆಣ್ಣಿಗೆ ಎರಡು ಎಕ್ಸ್, ಹಾಗಾಗಿ ಕೆಂಚು ಮತ್ತು ಕಪ್ಪು ಎರಡೂ ಒಂದೇ ಮೈಮೇಲೆ ಬರಬಹುದು. ಗಂಡಿಗೆ ಒಂದೇ ಎಕ್ಸ್, ಇದು ಅಥವಾ ಅದು. ಆ ಜೀನ್ ನಿಖರವಾಗಿ ಯಾವುದೆಂದು ಜಪಾನಿನ ಮತ್ತು ಅಮೆರಿಕದ ಎರಡು ತಂಡಗಳು 2025ರಲ್ಲಿ ಪ್ರಕಟಿಸಿದವು. ಇಷ್ಟು ವಿವರ ನಾನು ಓಣಿಯಲ್ಲಿ ಹೇಳಲಿಲ್ಲ. ಜ್ಯೋತಿಷಿಯ ಮರ್ಯಾದೆ ಹೋಗುತ್ತಿತ್ತು.

ಹಾವೇರಿ ಎಂದಮೇಲೆ ಏಲಕ್ಕಿ ಹಾರದ ಮಾತು ಬರದಿರುತ್ತದೆಯೇ? ಪಟವೇಗಾರ ಮನೆತನದವರು ತಲೆಮಾರುಗಳಿಂದ ಕಟ್ಟಿಕೊಂಡು ಬಂದ ಈ ಹಾರ ಬಂದ ಗಣ್ಯರ ಕೊರಳಿಗೆಲ್ಲ ಬೀಳುತ್ತದೆ. 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲೇ ನಡೆಯಿತು, ದೊಡ್ಡರಂಗೇಗೌಡರು ಅಧ್ಯಕ್ಷರು. ಆಗ ಊರೆಲ್ಲ ಏಲಕ್ಕಿ ಕಂಪಿನ ನಾಡು ಎಂಬ ಮಾತೇ ಮಾತು. ನನಗೂ ಒಂದು ಹಾರ ಸಿಕ್ಕಿತ್ತು, ನಿವೃತ್ತಿಯ ದಿನ. ಬಣ್ಣದ ಉಣ್ಣೆಯ ಕುಚ್ಚು, ಜರಿ, ನಡುವೆ ಸಾಲುಸಾಲು ಏಲಕ್ಕಿ. ಪಡಸಾಲೆಯ ಗೋಡೆಗೆ, ಬಂದವರಿಗೆ ಕಾಣುವಂತೆ ತೂಗುಹಾಕಿದ್ದೆ. ಬೆಕ್ಕಿಗೆ ಏಲಕ್ಕಿಯ ಕಂಪೂ ಬೇಡ, ನನ್ನ ಸೇವಾವಧಿಯ ಗೌರವವೂ ಬೇಡ, ಗಾಳಿಗೆ ತೂಗುವ ಕುಚ್ಚು ಬೇಕು. ಒಂದು ಮಧ್ಯಾಹ್ನ ದಡ್ ಎಂದು ಸದ್ದಾಯಿತು. ಹೋಗಿ ನೋಡಿದರೆ ಹಾರ ನೆಲದ ಮೇಲೆ, ಬೆಕ್ಕು ಅದರ ನಡುವೆ, ಒಂದು ಎಳೆ ಕೊರಳಿಗೆ ಸರಿಯಾಗಿ ಬಿದ್ದಿದೆ. ಓಡಲಿಲ್ಲ. ಗಂಭೀರವಾಗಿ ಕೂತು ನನ್ನ ಕಡೆ ನೋಡಿತು. ನಾಲ್ಕು ಮಾತು ಆಡಲಿ ಎಂದು ಕಾಯುತ್ತಿದೆ ಅನ್ನಿಸಿತು. ಹೆಂಡತಿ ಉದುರಿದ ಏಲಕ್ಕಿಯನ್ನು ಆರಿಸಿ ಡಬ್ಬಿಗೆ ಹಾಕಿದಳು. ಮುಂದಿನ ಕೆಲವು ದಿನ ನಮ್ಮ ಮನೆಯ ಚಹಾ ಬಹಳ ಚೆನ್ನಾಗಿತ್ತು.

ಎತ್ತರದಿಂದ ಬಿದ್ದರೂ ಬೆಕ್ಕಿಗೆ ಪೆಟ್ಟಾಗಲಿಲ್ಲವೇ ಎಂದು ನೀವು ಕೇಳಬಹುದು. ಬೀಳುವಾಗ ಅದು ನಡುವನ್ನು ತಿರುಚಿ, ಮುಂಭಾಗ ಮೊದಲು, ಹಿಂಭಾಗ ಆಮೇಲೆ ತಿರುಗಿಸಿ, ಕಾಲಿನ ಮೇಲೇ ಇಳಿಯುತ್ತದೆ. ಫ್ರಾನ್ಸಿನ ಮಾರೇ ಎಂಬ ವಿಜ್ಞಾನಿ 1894ರಲ್ಲಿ ಬೀಳುವ ಬೆಕ್ಕಿನ ಸಾಲು ಚಿತ್ರಗಳನ್ನು ತೆಗೆದು ಇದನ್ನು ತೋರಿಸಿದ. ಆದರೆ ಮೂರನೆಯ ಮಹಡಿಯ ಬಾಲ್ಕನಿಗೂ ಇದೇ ಮಾತು ಎಂದು ನಂಬಿ ಕೂರಬೇಡಿ. ಕಾಲಿನ ಮೇಲೆ ಇಳಿದರೂ ಕಾಲು ಮುರಿಯಬಹುದು.

ಇನ್ನು ಬೆಕ್ಕು ಅಡ್ಡ ಹೋಗುವ ವಿಚಾರ. ನಮ್ಮ ನೆರೆಯವರೊಬ್ಬರು ಹುಬ್ಬಳ್ಳಿಗೆ ಹೊರಟಾಗಲೆಲ್ಲ ಮನೆಯವರು ಮೊದಲು ನಮ್ಮ ಬೆಕ್ಕು ಎಲ್ಲಿದೆ ಎಂದು ನೋಡಿ ಬರುತ್ತಾರೆ. ಒಮ್ಮೆ ಅದು ಅಡ್ಡ ಹೋಯಿತು. ಅವರು ಒಳಗೆ ಹೋಗಿ, ಕೂತು, ನೀರು ಕುಡಿದು ಹೊರಟರು. ಅಷ್ಟರಲ್ಲಿ ಬೆಕ್ಕು ಹೋದ ಕೆಲಸ ಮುಗಿಸಿ ವಾಪಸು ಬಂತು. ಮತ್ತೆ ಒಳಗೆ, ಮತ್ತೆ ನೀರು. ಬಸ್ಸು ತಪ್ಪಿತು. "ನೋಡಿದ್ರಿಲ್ಲೋ, ಅಡ್ಡ ಬಂದ್ರ ಕೆಲಸ ಕೆಡತೈತಿ ಅಂತ ಹೇಳಿದ್ದೆ" ಎಂದು ಅವರು ನನಗೇ ಸಾಧಿಸಿ ತೋರಿಸಿದರು. ಬ್ರಿಟನ್ನಿನ ಬಹಳ ಕಡೆ ಕರಿಬೆಕ್ಕು ಎದುರಾದರೆ ಶುಭ ಎನ್ನುತ್ತಾರೆ. ಜಪಾನಿನ ಅಂಗಡಿಗಳಲ್ಲಿ ಕೈ ಎತ್ತಿ ಗಿರಾಕಿಯನ್ನು ಕರೆಯುವ ಬೆಕ್ಕಿನ ಬೊಂಬೆ ಇಡುತ್ತಾರೆ. ಇದನ್ನು ಕಾಕಾನಿಗೆ ಹೇಳಿದೆ. "ನಮ್ಮದು ಕೈ ಎತ್ತೂದಿಲ್ಲ, ಗಿರಾಕಿ ಬಂದ್ರ ಬೆನ್ನು ತಿರುಗಿಸ್ತೈತಿ, ಆದರೂ ವ್ಯಾಪಾರ ನಡದೈತಿ" ಎಂದರು.

ಈಗೀಗ ನಮ್ಮ ಊರುಗಳಿಗೂ ಉದ್ದ ಕೂದಲಿನ, ಚಪ್ಪಟೆ ಮೂಗಿನ ಪರ್ಷಿಯನ್ ಬೆಕ್ಕು ಬಂದಿದೆ. ಏಪ್ರಿಲ್ ಬಿಸಿಲಿನಲ್ಲಿ ಅದರ ಸಂಕಟ ನೋಡಲಾಗುವುದಿಲ್ಲ. ಅದಕ್ಕೆ ದಿನಾ ಬಾಚಣಿಕೆ, ಪಾಕೀಟಿನ ಕಾಳು. ಇಲಿ ಕಂಡರೆ ಸ್ನೇಹಿತ ಬಂದನೆಂದು ನೋಡುತ್ತದೆ. ನಮ್ಮ ಓಣಿಯ ಬೆಕ್ಕು ಒಮ್ಮೆ ಅಂಥದೊಂದನ್ನು ಕಿಟಕಿಯ ಜಾಳಿಗೆಯ ಆಚೆ ಕಂಡು ಬಹಳ ಹೊತ್ತು ನಿಂತು ನೋಡಿತು. ಕಡೆಗೆ ಅಲ್ಲೇ ಕೂತು ತನ್ನ ಕಾಲು ನೆಕ್ಕಿಕೊಂಡು ಹೊರಟುಹೋಯಿತು.

ಕಾಳಿನ ಕಣಜ ಹೋಗಿದೆ. ಬ್ಯಾಡಗಿಯ ಮೆಣಸಿನಕಾಯಿ ಶೀತಲ ಗೃಹ ಸೇರಿದೆ, ಅಲ್ಲಿ ಬೆಕ್ಕಿಗೆ ಪ್ರವೇಶವಿಲ್ಲ. ಬೀಜ ತವರದ ಡಬ್ಬಿಗಳಲ್ಲಿ, ಗಟ್ಟಿ ಪಾಕೀಟುಗಳಲ್ಲಿ ಬರುತ್ತದೆ. ಬೆಕ್ಕನ್ನು ನಾವು ಯಾವ ಕೆಲಸಕ್ಕೆ ಇಟ್ಟುಕೊಂಡಿದ್ದೆವೋ ಆ ಕೆಲಸ ಮುಕ್ಕಾಲು ಇಲ್ಲವಾಗಿದೆ. ಅದು ರಾಜೀನಾಮೆ ಕೊಟ್ಟಿಲ್ಲ, ನಾವೂ ಕೇಳಿಲ್ಲ. ನನ್ನ ದೃಷ್ಟಿಯಲ್ಲಿ ಇದೇ ಸರಿ. ಕೆಲಸವಿದ್ದಾಗ ಹಿಡಿದ ಗಾದಿಯನ್ನು ಕೆಲಸ ಮುಗಿದ ಮೇಲೂ ಬಿಡದೆ ಕೂತವರು ಊರಲ್ಲಿ ಬಹಳ ಜನರಿದ್ದಾರೆ, ಅವರಲ್ಲಿ ಯಾರಿಗೂ ತೊಂದರೆ ಕೊಡದೆ ಕೂತದ್ದು ಬೆಕ್ಕೊಂದೇ.

ಕೊನೆಯಲ್ಲಿ ಒಂದೆರಡು ಕೆಲಸದ ಮಾತು. ಅಂಗಡಿ, ಗೋದಾಮುಗಳಲ್ಲಿ ಇಲಿ ಪಾಷಾಣ ಇಡುವವರು ಒಮ್ಮೆ ಯೋಚಿಸಿ. ಕೆಲವು ಪಾಷಾಣ ತಿಂದ ಇಲಿ ಕೂಡಲೇ ಸಾಯುವುದಿಲ್ಲ, ತೂಕಡಿಸುತ್ತ ಹೊರಗೆ ಬರುತ್ತದೆ, ಅದನ್ನು ಹಿಡಿದು ತಿಂದ ಬೆಕ್ಕೂ ಸಾಯಬಹುದು. ಇಲಿಬೋನು ಇಡಿ. ಪಾಷಾಣ ಇಡಲೇಬೇಕೆಂದರೆ ಅಕ್ಕಪಕ್ಕದ ಮನೆಯವರಿಗೆ ಹೇಳಿ ಇಡಿ. ಇನ್ನೊಂದು, ಹುಚ್ಚುನಾಯಿ ರೋಗ ಎನ್ನುವ ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ. ಬೆಕ್ಕು ಕಚ್ಚಿದರೆ, ಪರಚಿದರೆ, ಅರಿಷಿಣ ಹಚ್ಚಿ ಸುಮ್ಮನಾಗಬೇಡಿ. ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ನೇರವಾಗಿ ಆಸ್ಪತ್ರೆಗೆ ಹೋಗಿ. ಬೆಕ್ಕಿಗೂ ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ ಹಾಕಿಸಿ, ಮುಂದಿನದು ಯಾವಾಗ ಎಂದು ಪಶುವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಮರಿಗಳನ್ನು ಸಾಕಲು ಆಗದಿದ್ದರೆ ಸಂತಾನಹರಣ ಚಿಕಿತ್ಸೆಯ ಬಗ್ಗೆಯೂ ಅಲ್ಲೇ ವಿಚಾರಿಸಿ. ಪಶು ಆಸ್ಪತ್ರೆಗೆ ಒಯ್ಯುವಾಗ ಮುಚ್ಚಳವಿರುವ ಬುಟ್ಟಿಯಲ್ಲಿ ಕೂಡಿಸಿಕೊಂಡು ಹೋಗಿ, ಮುಚ್ಚಳವನ್ನು ಹಗ್ಗದಿಂದ ಬಿಗಿಯಾಗಿ ಕಟ್ಟಿ.